ನುಸ್ರತ್ ಫತೇಹ್ ಅಲಿ ಖಾನರು ಮತ್ತು ಕವ್ವಾಲಿಯ ಮಾತು

'ಕವ್ವಾಲಿ' ಎಂಬ ಶಬ್ದವು ಅರಬ್ಬೀ ಭಾಷೆಯ 'ಕೌಲ್' ಎಂಬುದರಿಂದ ಬಂದುದು. ಕೌಲ್ ಎಂದರೆ ನುಡಿ, ಆಡಿದ ಮಾತು. ನಮ್ಮ ನಾಡಿನ ಹಳೆಯ ದಫ್ತರಗಳಲ್ಲಿ ಕಂಡುಬರುವ 'ಕೌಲು' ಎಂಬುದೂ ಇದೇ ಶಬ್ದ. ಒಡೆಯನು ರೈತನಿಗೆ ಕೊಟ್ಟ ಮಾತು ಎಂಬ ಅರ್ಥದಿಂದ ಅದು ಗೇಣಿಯ ಕರಾರಿಗೆ ಹೆಸರಾಯಿತು. ಕೌಲನ್ನು ಮತ್ತೆ ಮತ್ತೆ ನುಡಿಯುವವನು ಕವ್ವಾಲ. ಆದುದರಿಂದ ಕವ್ವಾಲಿಯು ಮೂಲತಃ ಮಾತನ್ನು ಮುಟ್ಟಿಸುವ ಕಲೆ. ರಾಗತಾಳಗಳು ಆ ಮಾತಿನ ವಾಹನಗಳು. ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಕವ್ವಾಲರಾದ ನುಸ್ರತ್ ಫತೇಹ್ ಅಲಿ ಖಾನರಿಗೆ (1948-1997) ಜಗತ್ತಿನಾದ್ಯಂತ ಕೀರ್ತಿ ತಂದವರಲ್ಲಿ ಹೆಚ್ಚಿನವರು ಅವರು ಹಾಡಿದ ಒಂದು ಮಾತನ್ನೂ ಅರಿಯದವರೇ ಆಗಿದ್ದರು. ಮಾತಿಗಾಗಿಯೇ ಹುಟ್ಟಿದ ಕಲೆಯು ಮಾತು ತಿಳಿಯದವರ ನಡುವೆ ಏನಾಯಿತು, ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ಖಾನರ ಜೀವನದ ಜಾಡಿನಲ್ಲಿ ನಡೆದು ಪರಿಶೀಲಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ಕವ್ವಾಲಿಯ ಪರಂಪರೆಯ ಬಗೆಗೆ ಕೆಲವು ಮಾತುಗಳನ್ನು ಹೇಳುವುದು ಅವಶ್ಯ. ಸೂಫಿಗಳು ಈ ಗಾಯನ ನಡೆಯುವ ಗೋಷ್ಠಿಯನ್ನು 'ಸಮಾ' ಎಂದು ಕರೆದರು. ಸಮಾ ಎಂದರೆ ಶ್ರವಣ, ಆಲಿಸುವಿಕೆ. ಹಾಡುವವನಿಗಿಂತ ಕೇಳುವವನೇ ಇಲ್ಲಿ ಮುಖ್ಯನೆಂಬುದು ಹೆಸರಿನಿಂದಲೇ ಸ್ಪಷ್ಟವಾಗುತ್ತದೆ. ಸಮಾ ನಡೆಯಲು ತಕ್ಕ ಕಾಲ, ತಕ್ಕ ಸ್ಥಳ, ತಕ್ಕ ಜೊತೆಗಾರರು ಎಂಬ ಮೂರು ಕೂಡಿಬರಬೇಕೆಂದು ಪ್ರಾಚೀನ ಸೂಫಿ ಆಚಾರ್ಯರು ವಿಧಿಸಿದ್ದಾರೆ. ಕರ್ಮಠರಾದ ವಿದ್ವಾಂಸರಿಗೆ ಇದು ಎಂದೂ ಪೂರ್ಣವಾಗಿ ಸಮ್ಮತವಾಗಲಿಲ್ಲ. ದೆಹಲಿಯ ನಿಜಾಮುದ್ದೀನ್ ಔಲಿಯಾರಂಥ ಮಹನೀಯರೂ (ನಿಧನ 1325) ಸಮಾ ಧರ್ಮಸಮ್ಮತವೇ ಎಂಬ ಪ್ರಶ್ನೆಗೆ ಸುಲ್ತಾನ ಘಿಯಾಸುದ್ದೀನ್ ತುಘಲಕನ ಕಾಲದಲ್ಲಿ ವಿದ್ವಾಂಸರ ಸಭೆಯೆದುರು ಉತ್ತರ ಕೊಡಬೇಕಾಯಿತು. ಅವರ ಶಿಷ್ಯನಾದ ಅಮೀರ್ ಖುಸ್ರೋ (1253-1325) ಕವ್ವಾಲಿಯ ಪ್ರವರ್ತಕನೆಂದು ಕವ್ವಾಲರೆಲ್ಲರೂ ಇಂದಿಗೂ ನಂಬುತ್ತಾರೆ. ಈ ಚಿಶ್ತೀ ಪರಂಪರೆಯ ಶಾಖೆಯೊಂದು ಬಹಮನಿ ಸುಲ್ತಾನ ಫಿರೋಜಶಾಹನ ಕಾಲದಲ್ಲಿ ಖ್ವಾಜಾ ಬಂದೇ ನವಾಜರೊಡನೆ (ನಿಧನ 1422) ಕಲಬುರ್ಗಿಗೂ ಬಂದುದರಿಂದ ಕನ್ನಡ ವಾಚಕರಿಗೆ ಇದು ತೀರ ಹೊರಗಿನ ವಿಷಯವಲ್ಲ.

ಸಮಾದ ನಿಯಮಗಳಲ್ಲಿ ಒಂದನ್ನು ನಾವು ವಿಶೇಷವಾಗಿ ಗಮನಿಸಬೇಕು. ಕೇಳುಗರಲ್ಲಿ ಯಾರಿಗಾದರೂ ಒಂದು ಪಂಕ್ತಿ ಎದೆಗೆ ನಾಟಿ ಆವೇಶವುಂಟಾದರೆ, ಆ ಆವೇಶ ಇಳಿಯುವವರೆಗೂ ಕವ್ವಾಲನು ಆ ಪಂಕ್ತಿಯನ್ನು ಬಿಟ್ಟು ಮುಂದೆ ಹೋಗಕೂಡದು. ದೆಹಲಿಯ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರು 1235ರಲ್ಲಿ ತೀರಿಕೊಂಡುದು ಇಂಥದೊಂದು ಸಂದರ್ಭದಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಅಹ್ಮದ್ ಜಾಮ್ ಎಂಬ ಕವಿಯ ಫಾರಸೀ ದ್ವಿಪದಿಯೊಂದನ್ನು ಕೇಳಿ ಅವರು ಮೈಮರೆತರು; ಪ್ರಾರ್ಥನೆಯ ವೇಳೆಗೆ ಮಾತ್ರ ಎಚ್ಚತ್ತು, ಮತ್ತೆ ಅದೇ ದ್ವಿಪದಿಯನ್ನು ಹಾಡಿಸಿಕೊಂಡರು; ನಾಲ್ಕು ದಿನಗಳು ಹೀಗೆ ಕಳೆದ ಮೇಲೆ ಅವರ ಪ್ರಾಣ ಹೋಯಿತು. ಕಥೆಯ ವಿವರಗಳು ಹೇಗೇ ಇರಲಿ, ಅದರಿಂದ ತಿಳಿದುಬರುವ ತತ್ತ್ವ ಖಚಿತವಾಗಿದೆ. ಹಾಡು ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತು ಎಷ್ಟು ಸಲ ಬರಬೇಕು ಎಂಬುದನ್ನು ನಿರ್ಣಯಿಸುವವನು ಕೇಳುಗ. ಕವ್ವಾಲನು ಅವನ ಮುಖವನ್ನು ನೋಡಿ ಹಾಡಬೇಕಾದವನು. ನುಸ್ರತ್ ಖಾನರ ಬಾಳಿನ ಮುಂದಿನ ಘಟನೆಗಳಲ್ಲಿ ಅನೇಕವು ಈ ಒಂದು ನಿಯಮದಿಂದ ಅರ್ಥವಾಗುತ್ತವೆಂಬುದು ನಮ್ಮ ಅಭಿಪ್ರಾಯ.

ಖಾನರ ಪೂರ್ವಜರು ಪಂಜಾಬಿನ ಜಲಂಧರದ ಬಸ್ತಿಯೊಂದರಲ್ಲಿ ನೆಲಸಿದ್ದ ಕವ್ವಾಲ ಮನೆತನದವರು. ತಮ್ಮ ಮನೆತನದ ಗಾಯನಕ್ಕೆ ಆರುನೂರು ವರ್ಷಗಳ ಇತಿಹಾಸವಿದೆಯೆಂದು ಆ ಕುಟುಂಬದವರು ಹೇಳಿಕೊಳ್ಳುತ್ತಾರೆ. ಇಂಥ ಹೇಳಿಕೆಯನ್ನು ಶಾಸನದಂತೆ ಪ್ರಮಾಣವಾಗಿ ಸ್ವೀಕರಿಸಲಾಗದು. ಆದರೆ ತಾವು ಯಾರೆಂದು ಒಂದು ಮನೆತನವು ತಿಳಿದುಕೊಂಡಿರುತ್ತದೆಯೋ ಅದೂ ಇತಿಹಾಸಕಾರನಿಗೆ ಒಂದು ಸಾಧನವೇ. ಖಾನರ ತಂದೆ ಉಸ್ತಾದ್ ಫತೇಹ್ ಅಲಿ ಖಾನರೂ ಚಿಕ್ಕಪ್ಪ ಮುಬಾರಕ್ ಅಲಿ ಖಾನರೂ ಜೋಡಿಯಾಗಿ ಹಾಡಿ ದೇಶವಿಭಜನೆಗೆ ಮುಂಚೆಯೇ ಪಂಜಾಬಿನಲ್ಲೆಲ್ಲ ಹೆಸರಾಗಿದ್ದರು. ಶಾಸ್ತ್ರೀಯ ಸಂಗೀತದಲ್ಲಿ ಇಬ್ಬರಿಗೂ ಆಳವಾದ ಪರಿಶ್ರಮವಿತ್ತು. ಇಕ್ಬಾಲರ ಕವಿತೆಗಳನ್ನು ಕವ್ವಾಲಿಗೆ ಅಳವಡಿಸಿ ಹಾಡಿದ ಖ್ಯಾತಿಯೂ ಅವರದು. 1947ರಲ್ಲಿ ಈ ಕುಟುಂಬ ಜಲಂಧರವನ್ನು ಬಿಟ್ಟು ಪಾಕಿಸ್ತಾನದ ಲಾಯಲ್‌ಪುರಕ್ಕೆ ಬಂದು ನೆಲಸಿತು. ಬ್ರಿಟಿಷರು ಕಾಲುವೆಗಳನ್ನು ತೋಡಿಸಿ ಕಟ್ಟಿಸಿದ ಹೊಸ ಊರು ಅದು. ಮುಂದೆ ಫೈಸಲಾಬಾದ್ ಎಂದು ಹೆಸರು ಬದಲಾಯಿತು. ಅಲ್ಲಿ 1948ರ ಅಕ್ಟೋಬರ್ 13ರಂದು ನುಸ್ರತ್ ಹುಟ್ಟಿದರು. ನಾಲ್ವರು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದ ಮೊದಲ ಗಂಡುಮಗು. ಮೊದಲಿಗೆ ಇಟ್ಟ ಹೆಸರು ಪರ್ವೇಜ್. ಪೀರರೊಬ್ಬರ ಮಾತಿನಂತೆ ಅದನ್ನು ನುಸ್ರತ್ ಎಂದು ಬದಲಾಯಿಸಿದರು.

ಈ ಮಗು ಕವ್ವಾಲನಾಗಬೇಕೆಂದು ತಂದೆ ಬಯಸಲಿಲ್ಲ, ವೈದ್ಯನಾಗಬೇಕೆಂದು ಬಯಸಿದರು. ವಿದ್ಯೆಯಲ್ಲಿ ಅಷ್ಟು ದೊಡ್ಡವರಾದ ಗಾಯಕರು ತಮ್ಮ ಮಗನನ್ನು ಆ ವಿದ್ಯೆಯಿಂದ ದೂರವಿಡಲು ಹವಣಿಸಿದುದೇಕೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಕವ್ವಾಲನ ಹಾಡನ್ನು ಪೂಜ್ಯವೆಂದು ಭಾವಿಸುವ ಸಮಾಜವು ಕವ್ವಾಲನನ್ನು ಮಾತ್ರ ಕೆಳಗಿನ ಸಾಲಿನಲ್ಲಿ ಕೂರಿಸುತ್ತದೆ. ಭಕ್ತರು ನೀಡಿದ ಕಾಣಿಕೆಯನ್ನು ಆಯ್ದುಕೊಂಡು ಬಾಳುವವನೆಂಬ ತಾತ್ಸಾರ ಆ ಗೌರವದ ಒಳಗೇ ಅಡಗಿರುತ್ತದೆ. ದೇವರ ಸೇವೆಗೆ ನಿಂತ ನಾಗಸ್ವರದವರನ್ನೂ ನರ್ತಕಿಯರನ್ನೂ ನಮ್ಮ ಸಮಾಜ ನಡೆಸಿಕೊಂಡ ರೀತಿಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಲಾರದು. ಆದರೂ ಬಾಲಕನ ಒಲವು ಮುಚ್ಚಿಡುವಂಥದಾಗಿರಲಿಲ್ಲ. ಅವನು ತಬಲವನ್ನು ಕಲಿತನು. ಕೊನೆಗೆ ತಂದೆಯೇ ಮಣಿದು ಗಾಯನವನ್ನೂ ಕಲಿಸತೊಡಗಿದರು. ಆ ಶಿಕ್ಷಣ ಮುಗಿಯುವ ಮುನ್ನವೇ, 1964ರಲ್ಲಿ, ಫತೇಹ್ ಅಲಿ ಖಾನರು ತೀರಿಕೊಂಡರು. ಆಗ ನುಸ್ರತರಿಗೆ ಹದಿನಾರು ವರ್ಷವೂ ತುಂಬಿರಲಿಲ್ಲ. ತಂದೆಯು ಕನಸಿನಲ್ಲಿ ಬಂದು ತನ್ನ ಕೊರಳನ್ನು ಮುಟ್ಟಿ ಹಾಡೆಂದು ಹೇಳಿದುದಾಗಿ ಖಾನರು ಮುಂದೆ ಅನೇಕ ಸಲ ಹೇಳಿಕೊಂಡಿದ್ದಾರೆ. ಮರಣದ ನಲವತ್ತನೆಯ ದಿನ ನಡೆಯುವ 'ಚೆಹಲಂ' ಕರ್ಮದಲ್ಲಿ ಅವರು ಮೊದಲ ಬಾರಿಗೆ ಜನರೆದುರು ಹಾಡಿದರು.

ಉಳಿದ ಪಾಠವನ್ನು ಮುಬಾರಕ್ ಅಲಿ ಖಾನರೂ ಇನ್ನೊಬ್ಬ ಚಿಕ್ಕಪ್ಪ ಸಲಾಮತ್ ಅಲಿ ಖಾನರೂ ಹೇಳಿಕೊಟ್ಟರು. 1971ರಲ್ಲಿ ಮುಬಾರಕ್ ಅಲಿಯವರೂ ಗತಿಸಲು, ಮನೆತನದ ಮೇಳದ ನಾಯಕತ್ವವು ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಯುವಕನ ಮೇಲೆ ಬಿತ್ತು. ನಾಯಕರಾಗಿ ಅವರು ಮೊದಲು ಹಾಡಿದುದು ದರ್ಗಾದಲ್ಲಲ್ಲ, ಪಾಕಿಸ್ತಾನ ರೇಡಿಯೋ ಏರ್ಪಡಿಸಿದ 'ಜಶ್ನ್-ಎ-ಬಹಾರಾಂ' ಎಂಬ ವಸಂತೋತ್ಸವದ ಕಾರ್ಯಕ್ರಮದಲ್ಲಿ. ಈ ಸಂಗತಿಯನ್ನು ನಾವು ಒತ್ತಿ ಹೇಳಬೇಕಾಗಿದೆ. ಖಾನರು ಕವ್ವಾಲಿಯನ್ನು ದರ್ಗಾದ ಅಂಗಳದಿಂದ ಬಿಡಿಸಿ ಹೊರಗೆ ತಂದರೆಂದು ಅನೇಕರು ಬರೆದಿದ್ದಾರೆ. ಕೆಲವರು ಅದನ್ನು ಹೊಗಳಿಕೆಯಾಗಿಯೂ ಕೆಲವರು ಆಕ್ಷೇಪವಾಗಿಯೂ ಹೇಳುತ್ತಾರೆ. ಇಬ್ಬರ ಮಾತೂ ಇತಿಹಾಸಕ್ಕೆ ಹೊಂದುವುದಿಲ್ಲ. ಗ್ರಾಮಫೋನು, ರೇಡಿಯೋ, ಚಲಚ್ಚಿತ್ರಗಳು ಕವ್ವಾಲಿಯನ್ನು ಅವರು ಹುಟ್ಟುವ ಮೊದಲೇ ಹೊರಗೆ ತಂದಿದ್ದವು. ಖಾನರ ಆರಂಭದ ಮುದ್ರಿಕೆಗಳನ್ನು ಹೊರತಂದುದೂ ಅವರ ಊರಿನ ರೆಹಮತ್ ಗ್ರಾಮಫೋನ್ ಹೌಸ್ ಎಂಬ ಅಂಗಡಿಯೇ. ಅವರು ಕೈಗೆತ್ತಿಕೊಂಡುದು ಎರಡು ಮನೆಗಳಲ್ಲಿ ಏಕಕಾಲಕ್ಕೆ ವಾಸಿಸುತ್ತಿದ್ದ ಕಲೆಯನ್ನು.

ಅವರ ಮೇಳದ ರಚನೆಯಲ್ಲಿ ಹೊಸತೇನೂ ಇರಲಿಲ್ಲ. ನೆಲದ ಮೇಲೆ ಎರಡು ಸಾಲು. ಮುಂದೆ ಹಾರ್ಮೋನಿಯಂ ಹಿಡಿದ ಮುಖ್ಯ ಗಾಯಕರು, ಹಿಂದೆ ತಬಲ, ಚಪ್ಪಾಳೆಯೊಡನೆ ಪಲ್ಲವಿಯನ್ನು ಎತ್ತಿಕೊಳ್ಳುವ ಸಂಗಡಿಗರು. ತಮ್ಮ ಫರ್ರುಖ್ ಫತೇಹ್ ಅಲಿ ಖಾನರು ಹಾರ್ಮೋನಿಯಂ ನುಡಿಸುತ್ತಿದ್ದರು. ದಿಲ್ದಾರ್ ಹುಸೇನರದು ತಬಲ. ಹಾಡುಗಳು ಬಾಬಾ ಫರೀದ್, ಶಾಹ್ ಹುಸೇನ್, ಬುಲ್ಲೇಶಾಹ್ ಮುಂತಾದ ಪಂಜಾಬೀ ಸಂತಕವಿಗಳವು, ಖುಸ್ರೋವಿನ ಫಾರಸೀ ಮತ್ತು ಹಿಂದವಿ ರಚನೆಗಳು, ಉರ್ದೂ ಗಜಲುಗಳು. ಖಾನರ ವೈಶಿಷ್ಟ್ಯ ಕಾಣುವುದು ಎರಡು ಕಡೆ: ಒಂದು 'ಗಿರಹ್', ಇನ್ನೊಂದು ಸರಗಮ್.

ಗಿರಹ್ ಎಂದರೆ ಗಂಟು. ಒಂದು ಹಾಡಿನ ನಡುವೆ ಪಲ್ಲವಿಯನ್ನು ನಿಲ್ಲಿಸಿ, ಬೇರೊಬ್ಬ ಕವಿಯ, ಬೇರೊಂದು ಭಾಷೆಯದೂ ಆಗಬಹುದಾದ ಪದ್ಯವನ್ನು ತಂದು, ಅದರ ಭಾವವು ಮೂಲದ ಪಲ್ಲವಿಯಲ್ಲಿ ತಾನಾಗಿ ಬಂದು ಸೇರುವಂತೆ ಗಂಟುಹಾಕುವುದು ಇದರ ಲಕ್ಷಣ. ನಮ್ಮ ಹರಿಕಥಾದಾಸರು ಒಂದು ದೇವರನಾಮದ ನಡುವೆ ಸಂಸ್ಕೃತ ಶ್ಲೋಕವನ್ನೋ ಕಂದಪದ್ಯವನ್ನೋ ಎತ್ತಿ ಮತ್ತೆ ಪಲ್ಲವಿಗೆ ಇಳಿಯುವುದನ್ನು ಕೇಳಿದವರಿಗೆ ಇದರ ಸ್ವಾರಸ್ಯ ಸುಲಭವಾಗಿ ತಿಳಿಯುತ್ತದೆ. ಇಂಥ ಗಂಟು ಮೊದಲೇ ಬರೆದಿಟ್ಟುಕೊಂಡುದಲ್ಲ. ಎದುರು ಕುಳಿತವರ ಮುಖದಲ್ಲಿ ಯಾವ ಮಾತು ಬೆಳಕು ತಂದಿತೆಂದು ಕಂಡು ಆ ಕ್ಷಣದಲ್ಲಿ ಕಟ್ಟಬೇಕಾದುದು. ಅದಕ್ಕೆ ನೂರಾರು ಪದ್ಯಗಳು ನಾಲಗೆಯ ತುದಿಯಲ್ಲಿರಬೇಕು. ಈ ವಿದ್ಯೆಯಲ್ಲಿ ಖಾನರಿಗೆ ಸಮಾನರಾದವರು ಅವರ ಕಾಲದಲ್ಲಿ ವಿರಳ.

ಸರಗಮ್ ಎಂದರೆ ಸ್ವರಗಳನ್ನು ಅವುಗಳ ಹೆಸರಿನಿಂದಲೇ ಹಾಡುವುದು. ಹಿಂದುಸ್ತಾನಿ ಖಯಾಲಿನಲ್ಲಿ ಇದಕ್ಕೆ ಪ್ರಾಮುಖ್ಯ ತಂದವರಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರೂ (1872-1937) ಒಬ್ಬರು. ಅವರಿಗೆ ಇದರ ಪ್ರೇರಣೆ ಕರ್ನಾಟಕ ಸಂಗೀತದ ಸಹವಾಸದಿಂದ ಬಂತೆಂದು ಹೇಳುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾಗಿ ಅವರು ನಮಗೆ ಪರಿಚಿತರಷ್ಟೆ. ನುಸ್ರತ್ ಖಾನರು ಈ ಸರಗಮನ್ನು ಕವ್ವಾಲಿಯ ಹೃದಯಕ್ಕೇ ತಂದರು. ತಬಲದ ವೇಗ ಏರುತ್ತಿದ್ದಂತೆ ಮಿಂಚಿನಂತೆ ಹರಿಯುವ ಅವರ ಸ್ವರಗುಚ್ಛಗಳು ಕೇಳುಗರನ್ನು ಬೆರಗುಗೊಳಿಸುತ್ತಿದ್ದವು. ಗಿರಹಿಗೆ ಭಾಷೆ ತಿಳಿದ ಕೇಳುಗ ಬೇಕು, ಸರಗಮಿಗೆ ಬೇಡ. ಈ ವ್ಯತ್ಯಾಸವು ಮುಂದೆ ಬಹಳ ದೊಡ್ಡದಾಯಿತು.

ಪಶ್ಚಿಮ ದೇಶಗಳಿಗೆ ಕವ್ವಾಲಿಯನ್ನು ಮೊದಲು ಒಯ್ದವರು ಖಾನರೆಂಬ ಮಾತೂ ಸರಿಯಲ್ಲ. ಕರಾಚಿಯ ಸಾಬ್ರಿ ಸಹೋದರರು 1975ರಷ್ಟು ಹಿಂದೆಯೇ ನ್ಯೂಯಾರ್ಕಿನ ಕಾರ್ನೆಗೀ ಹಾಲಿನಲ್ಲಿ ಹಾಡಿದ್ದರು. ಖಾನರು ಹೊರಗೆ ಮೊದಲು ಗಳಿಸಿದ ಕೇಳುಗರು ಇಂಗ್ಲೆಂಡಿನಲ್ಲಿ ನೆಲಸಿದ್ದ ಪಂಜಾಬಿಗಳು. ಬರ್ಮಿಂಗ್‌ಹ್ಯಾಮಿನ ಓರಿಯಂಟಲ್ ಸ್ಟಾರ್ ಏಜೆನ್ಸೀಸ್ ಎಂಬ ಸಂಸ್ಥೆ ಅವರ ಕ್ಯಾಸೆಟ್ಟುಗಳನ್ನು ಮನೆಮನೆಗೆ ತಲುಪಿಸಿತು. ಆ ಕೇಳುಗರಲ್ಲಿ ಮುಸಲ್ಮಾನರಿದ್ದಂತೆ ಸಿಖ್ಖರೂ ಇದ್ದರು. ಬಾಬಾ ಫರೀದರ ವಾಣಿ ಸಿಖ್ಖರ ಗುರುಗ್ರಂಥದಲ್ಲಿಯೂ ಸೇರಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. 1980ರ ಸುಮಾರಿಗೆ ರಾಜ್ ಕಪೂರರ ಆಮಂತ್ರಣದ ಮೇರೆಗೆ ಅವರ ಮಗ ರಿಷಿಯ ಮದುವೆಗಾಗಿ ಖಾನರು ಮುಂಬಯಿಗೂ ಬಂದು ಹಾಡಿ ಹೋದರು. ಇಷ್ಟರವರೆಗೂ ಎದುರಿಗಿದ್ದವರು ಮಾತು ಬಲ್ಲವರೇ.

1985ರ ಜುಲೈ ತಿಂಗಳಲ್ಲಿ ಈ ಸ್ಥಿತಿ ಬದಲಾಯಿತು. ಪೀಟರ್ ಗೇಬ್ರಿಯಲ್ ಎಂಬ ಆಂಗ್ಲ ಗಾಯಕರು ತಮ್ಮ ಮಿತ್ರರೊಡನೆ ಆರಂಭಿಸಿದ್ದ 'ವೋಮ್ಯಾಡ್' ಎಂಬ ಸಂಗೀತೋತ್ಸವವು ಆ ವರ್ಷ ಎಸೆಕ್ಸ್ ಪ್ರಾಂತದ ಮರ್ಸೀ ದ್ವೀಪದಲ್ಲಿ ಜರುಗಿತು. ಅಲ್ಲಿ ರಾತ್ರಿ ಬಹಳ ಹೊತ್ತಾದ ಮೇಲೆ ಖಾನರ ಮೇಳ ವೇದಿಕೆಯೇರಿತು. ಸಭಿಕರಲ್ಲಿ ಬಹುಮಂದಿ ರಾಕ್ ಸಂಗೀತಕ್ಕಾಗಿ ಬಂದಿದ್ದ ತರುಣರು. ಕಾಲ, ಸ್ಥಳ, ಜೊತೆಗಾರರು ಎಂಬ ಸಮಾದ ಮೂರು ಅಂಗಗಳಲ್ಲಿ ಒಂದೂ ಅಲ್ಲಿ ಕೂಡಿಬಂದಿರಲಿಲ್ಲ. ಆ ರಾತ್ರಿಯ ಧ್ವನಿಮುದ್ರಿಕೆ 2019ರಲ್ಲಿ ಪ್ರಕಟವಾಗಿರುವುದರಿಂದ ನಾವು ಈಗ ಅದನ್ನು ಕಿವಿಯಾರೆ ಕೇಳಬಹುದಾಗಿದೆ. ಅದರಲ್ಲಿ ನಮಗೆ ಕಾಣುವುದು ಹಳೆಯ ನಿಯಮವೇ. ಖಾನರು ಅವಸರ ಮಾಡುವುದಿಲ್ಲ. ದೇವರ ಸ್ತುತಿಯಿಂದ ತೊಡಗಿ ಕ್ರಮವಾಗಿಯೇ ಮುಂದುವರಿಯುತ್ತಾರೆ. ಸಭೆ ಎಲ್ಲಿ ಬೆಚ್ಚಗಾಗುತ್ತದೆಯೋ ಅಲ್ಲಿ ನಿಂತು ಮತ್ತೆ ಮತ್ತೆ ಅದನ್ನೇ ಹಾಡುತ್ತಾರೆ. ಆದರೆ ಮಾತು ತಿಳಿಯದ ಆ ಜನ ಬೆಚ್ಚಗಾಗುವುದು ಲಯದಲ್ಲಿ, ಸ್ವರದಲ್ಲಿ, ಒಂದೇ ನಾಮದ ಆವರ್ತನೆಯಲ್ಲಿ. ಕೇಳುಗನೇ ಹಾಡನ್ನು ನಡೆಸಬೇಕೆಂಬ ವಿಧಿಗೆ ಅವರು ನಿಷ್ಠರಾಗಿದ್ದರು. ಆ ನಿಷ್ಠೆಯಿಂದಲೇ ಹಾಡು ಮಾತಿನಿಂದ ನಾದದ ಕಡೆಗೆ ವಾಲಿತು. ಸಂಪ್ರದಾಯವನ್ನು ಮುರಿದುದರಿಂದ ಹೀಗಾಯಿತೆಂದು ಹೇಳುವವರು ಸಂಪ್ರದಾಯವೇನೆಂಬುದನ್ನು ಅರ್ಧ ಮಾತ್ರ ತಿಳಿದವರು.

ಇದೇ ವರ್ಷ ಪ್ಯಾರಿಸ್ಸಿನ ಥಿಯಾತ್ರ್ ದ ಲ ವಿಲ್‌ನಲ್ಲಿ ನಡೆದ ಕಚೇರಿಗಳೂ ಅವುಗಳ ಮುದ್ರಿಕೆಗಳೂ ಸಂಗೀತಶಾಸ್ತ್ರಜ್ಞರ ಗಮನವನ್ನು ಸೆಳೆದವು. 1987ರಲ್ಲಿ ಪಾಕಿಸ್ತಾನದ ರಾಷ್ಟ್ರಪ್ರಶಸ್ತಿ, 1995ರಲ್ಲಿ ಯುನೆಸ್ಕೋ ಸಂಗೀತ ಪುರಸ್ಕಾರ, 1996ರಲ್ಲಿ ಜಪಾನಿನ ಫುಕುವೋಕಾ ಪ್ರಶಸ್ತಿ ಸಂದವು. 1992-93ರಲ್ಲಿ ಅಮೆರಿಕದ ಸಿಯಾಟಲಿನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಅವರು ಅತಿಥಿ ಕಲಾವಿದರಾಗಿ ಪಾಠ ಹೇಳಿದರು. ತಾತ್ಸಾರಕ್ಕೆ ಹೆದರಿ ತಂದೆಯು ದೂರವಿಡಬಯಸಿದ ವಿದ್ಯೆಗೆ ದೊರೆತ ಮನ್ನಣೆಗಳಲ್ಲಿ ಇದೇ ದೊಡ್ಡದೆಂದು ನಮಗೆ ತೋರುತ್ತದೆ.

1990ರಲ್ಲಿ ಪ್ರಕಟವಾದ 'ಮಸ್ತ್ ಮಸ್ತ್' ಎಂಬ ಮುದ್ರಿಕೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಗೇಬ್ರಿಯಲ್ಲರ ರಿಯಲ್ ವರ್ಲ್ಡ್ ಸಂಸ್ಥೆಗಾಗಿ ಕೆನಡಾದ ಸಂಗೀತಗಾರ ಮೈಕೇಲ್ ಬ್ರೂಕ್ ಇದನ್ನು ಸಿದ್ಧಪಡಿಸಿದರು. ಇಲ್ಲಿ ಗಿಟಾರು ಮುಂತಾದ ವಾದ್ಯಗಳ ನಡುವೆ ಖಾನರ ಕಂಠವೂ ಒಂದು ವಾದ್ಯದಂತೆ ಸೇರಿಕೊಂಡಿತು. ಹಾಡುಗಳು ಕೆಲವೇ ನಿಮಿಷಗಳವು. ಮುದ್ರಿಸಿದುದನ್ನು ಕತ್ತರಿಸಿ ಜೋಡಿಸುವಾಗ ಬ್ರೂಕರು ತಮಗೆ ಬರಿಯ ನಾದವೆಂದು ತೋರಿದ ಕಡೆ ಕತ್ತರಿ ಹಾಕಿದರು. ಅವುಗಳಲ್ಲಿ ಕೆಲವು ಅರ್ಥವುಳ್ಳ ಮಾತುಗಳಾಗಿದ್ದವು. ನಡುವೆ ತುಂಡಾಗಿ ಅರ್ಥಗೆಟ್ಟಿದ್ದವು. ಖಾನರು ಅದನ್ನು ಒಪ್ಪಲಿಲ್ಲ. ಹಾಗೆ ತುಂಡಾದುದನ್ನು ಮತ್ತೆ ಸರಿಪಡಿಸಬೇಕಾಯಿತೆಂದು ಬ್ರೂಕರೇ ಹೇಳಿದ್ದಾರೆ. ಈ ಸಣ್ಣ ಸಂಗತಿಯನ್ನು ಅವರ ಚರಿತ್ರಕಾರರು ಒಂದು ಕೌತುಕವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ನಮಗೆ ಅದು ಖಾನರ ಕಲೆಯ ಬೀಗದಕೈಯಂತೆ ಕಾಣುತ್ತದೆ. ವಾದ್ಯಗಳು ಬದಲಾಗಲಿ, ಕಾಲಾವಧಿ ಕುಗ್ಗಲಿ, ಕೇಳುಗ ಯಾರೇ ಆಗಲಿ, ಅವರು ಅದಕ್ಕೆಲ್ಲ ಸಿದ್ಧರು. ಕೌಲು ಮಾತ್ರ ಮುರಿಯಕೂಡದು.

ಆದರೆ ಮುದ್ರಿಕೆಯು ಮಾರುಕಟ್ಟೆಗೆ ಹೋದ ಮೇಲೆ ಕೌಲನ್ನು ಕಾಯುವವರು ಯಾರು? ಅದೇ ಹಾಡನ್ನು ಬ್ರಿಸ್ಟಲಿನ ಮ್ಯಾಸಿವ್ ಅಟ್ಯಾಕ್ ತಂಡದವರು ನೃತ್ಯಗೃಹಗಳಿಗಾಗಿ ಮಾರ್ಪಡಿಸಿದರು. ಆ ರೂಪವು 1996ರ ವಿಶ್ವಕಪ್ ಕ್ರಿಕೆಟ್ಟಿನ ಕಾಲಕ್ಕೆ ಒಂದು ತಂಪುಪಾನೀಯದ ಜಾಹೀರಾತಿಗೂ ಒದಗಿತು. ಮುಂಬಯಿಯ ಚಿತ್ರೋದ್ಯಮದಲ್ಲಿ ಅವರ ಧಾಟಿಗಳನ್ನು ಎತ್ತಿಕೊಂಡು ಬೇರೆ ಮಾತು ಕೂಡಿಸುವುದು ರೂಢಿಯಾಯಿತು. ಸೂಫಿಯ ಭಾಷೆಯಲ್ಲಿ 'ಮಸ್ತ್' ಎಂದರೆ ದೈವದಲ್ಲಿ ಮೈಮರೆತವನು. 1994ರ 'ಮೊಹ್ರಾ' ಚಿತ್ರದ ಜನಪ್ರಿಯ ಗೀತೆಯಲ್ಲಿ ಅದು ಹೆಣ್ಣಿನ ರೂಪವರ್ಣನೆಯಾಯಿತು. ಧಾಟಿ ಕದ್ದುದಕ್ಕೆ ಖಾನರು ಹೆಚ್ಚು ಕೋಪಿಸಿಕೊಂಡಂತೆ ಕಾಣುವುದಿಲ್ಲ. ದೇವರ ನಾಮಾವರ್ತನೆಯ ಹಾಡೊಂದನ್ನು ಪ್ರಣಯದ ಸಂಬೋಧನೆಯಾಗಿ ಬದಲಾಯಿಸಿದಾಗ ಮಾತ್ರ ಅವರು ನೊಂದು ನುಡಿದರು. ಅವರೇ 'ಬ್ಯಾಂಡಿಟ್ ಕ್ವೀನ್' (1994) ಮೊದಲಾದ ಚಿತ್ರಗಳಿಗೆ ಸಂಗೀತ ಕೊಟ್ಟವರು, 'ಡೆಡ್ ಮ್ಯಾನ್ ವಾಕಿಂಗ್' (1995) ಎಂಬ ಅಮೆರಿಕನ್ ಚಿತ್ರಕ್ಕೆ ಹಾಡಿದವರು. ಚಲಚ್ಚಿತ್ರವೆಂದರೆ ಮೂಗು ಮುರಿಯುವ ಸ್ವಭಾವ ಅವರದಲ್ಲ. ಅವರ ತಕರಾರು ಮಾತಿನ ವಿಷಯದಲ್ಲಿ ಮಾತ್ರ.

ಈ ಸಂದರ್ಭದಲ್ಲಿ ಖಾನರ ಕೀರ್ತಿಯ ಬಗೆಗೆ ನಮಗಿರುವ ಒಂದು ಅಸಮಾಧಾನವನ್ನೂ ಹೇಳಿಬಿಡುವುದು ಲೇಸು. ಲೋಕವು ಅವರ ಸರಗಮನ್ನು ಮೆಚ್ಚಿತು. ಅವರ ಗಿರಹನ್ನು ಕೇಳಲೇ ಇಲ್ಲ. ಆರೇಳು ನಿಮಿಷಗಳ ಮುದ್ರಿಕೆಯಲ್ಲಿ ಗಂಟು ಕಟ್ಟಲು ಎಡೆಯಿಲ್ಲ. ಗಿನ್ನೆಸ್ ದಾಖಲೆಯ ಪುಸ್ತಕ 2001ರ ಹೊತ್ತಿಗೆ ಎಣಿಸಿದಂತೆ ಅವರ ಕವ್ವಾಲಿ ಸಂಪುಟಗಳು 125. ಅವುಗಳಲ್ಲಿ ಪಂಜಾಬಿನ ಜನರೆದುರು ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಗ್ಗಿದ ಹಾಡುಗಳಲ್ಲಿಯೇ ಪೂರ್ಣ ಕವ್ವಾಲನು ಸಿಕ್ಕುತ್ತಾನೆ. ಪಶ್ಚಿಮದಲ್ಲಿ ಅವರನ್ನು ಕುರಿತು ಬಂದ ಬರಹಗಳಲ್ಲಿ ಅವರ ಕಂಠದ ವರ್ಣನೆ ಹೇರಳವಾಗಿದೆ; ಅವರ ನೆನಪಿನ ಶಕ್ತಿಯ, ಕಾವ್ಯಪರಿಜ್ಞಾನದ ಮಾತು ಅತ್ಯಲ್ಪ.

ವಿಶ್ರಾಂತಿಯಿಲ್ಲದ ಸಂಚಾರದಿಂದಲೂ ಸ್ಥೂಲಕಾಯದಿಂದಲೂ ಅವರ ಆರೋಗ್ಯ ನಲವತ್ತರ ನಂತರ ಬೇಗನೆ ಕೆಟ್ಟಿತು. ಲಾಹೋರಿನಲ್ಲಿ 1994ರಲ್ಲಿ ತೆರೆದ ಶೌಕತ್ ಖಾನಂ ಕ್ಯಾನ್ಸರ್ ಆಸ್ಪತ್ರೆಗಾಗಿ ಅವರು ದೇಶವಿದೇಶಗಳಲ್ಲಿ ಹಾಡಿ ಹಣ ಕೂಡಿಸಿಕೊಟ್ಟಿದ್ದರು. ಮಗ ವೈದ್ಯನಾಗಲೆಂದು ಬಯಸಿದ ತಂದೆಯ ನೆನಪು ಆಗ ಅವರಿಗೆ ಬಂದಿರಬಹುದೇನೋ. 1997ರ ಆಗಸ್ಟಿನಲ್ಲಿ ಮೂತ್ರಪಿಂಡದ ಚಿಕಿತ್ಸೆಗೆಂದು ಅಮೆರಿಕಕ್ಕೆ ಹೊರಟಾಗ ದಾರಿಯಲ್ಲಿ ಸ್ಥಿತಿ ವಿಷಮಿಸಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಆಗಸ್ಟ್ 16ರಂದು, ಪಾಕಿಸ್ತಾನವು ತನ್ನ ಐವತ್ತನೆಯ ಸ್ವಾತಂತ್ರ್ಯೋತ್ಸವವನ್ನು ಆಚರಿಸಿದ ಎರಡು ದಿನಗಳ ಮೇಲೆ, ಹೃದಯಸ್ತಂಭನದಿಂದ ಅವರು ಅಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ನಲವತ್ತೆಂಟು. ಫೈಸಲಾಬಾದಿನಲ್ಲಿ ಅವರನ್ನು ಸಮಾಧಿ ಮಾಡಿದರು. ಮೇಳದ ವಾರಸಿಕೆಯು ಫರ್ರುಖರ ಮಗ ರಾಹತ್ ಫತೇಹ್ ಅಲಿ ಖಾನರಿಗೆ ಬಂತು.

ರಿಯಲ್ ವರ್ಲ್ಡ್ ಸಂಸ್ಥೆಯ ಉಗ್ರಾಣದಲ್ಲಿ 2021ರಲ್ಲಿ ಹಳೆಯ ಧ್ವನಿಸುರುಳಿಯೊಂದು ಸಿಕ್ಕಿತು. ಅದನ್ನು ಮುದ್ರಿಸಿದುದು 1990ರ ಏಪ್ರಿಲಿನಲ್ಲಿ. 'ಮಸ್ತ್ ಮಸ್ತ್' ಹೊರಬಂದ ವರ್ಷದಲ್ಲೇ, ಅದೇ ಸಂಸ್ಥೆಯಲ್ಲಿ. 2024ರ ಸೆಪ್ಟೆಂಬರಿನಲ್ಲಿ 'ಚೈನ್ ಆಫ್ ಲೈಟ್' ಎಂಬ ಹೆಸರಿನಿಂದ ಅದು ಪ್ರಕಟವಾಯಿತು. ಅದರಲ್ಲಿರುವುದು ನಾಲ್ಕೇ ಕವ್ವಾಲಿಗಳು. ಒಂದು ಖುಸ್ರೋವಿನದೆಂದು ಪ್ರಸಿದ್ಧವಾದ ಫಾರಸೀ ಗಜಲು. ಒಂದು ಗೋಲ್ರಾದ ಪೀರ್ ಮೆಹರ್ ಅಲಿ ಶಾಹರ ಪಂಜಾಬೀ ನಾತ್. ಇನ್ನೊಂದು ಅದಕ್ಕೆ ಮೊದಲು ಯಾವ ಮುದ್ರಿಕೆಯಲ್ಲಿಯೂ ಕೇಳಿಬಾರದಿದ್ದುದು. ಗಿಟಾರು ಇಲ್ಲ, ಯಂತ್ರದ ತಾಳವಿಲ್ಲ. ಎರಡು ಸಾಲಿನ ಮೇಳ, ತಬಲ, ಹಾರ್ಮೋನಿಯಂ, ಚಪ್ಪಾಳೆ, ಹಾಗೂ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ತುಂಡಾಗದ ಮಾತು.